ಹದಿನಾರು ನಂಬರಿನ ಗಿಡ್ಡ ತೋಟಾ

ಕೋವಿ ಅಂಗಡಿಯ ಚಿಕ್ಕಮ್ಮ ಹುಡುಕಿದರೆ ಸಿಗದ ತೋಟಾ ಇಲ್ಲ ಎಂದು ಊರವರು ಹೇಳುತ್ತಿದ್ದರು. ಅದು ಸಿಗುವ ತನಕ ಅವಳು ಮನೆಯವರ ಕೈಗೇ ಸಿಗುವುದಿಲ್ಲ ಎಂಬುದು ಅವಳ ಅಕ್ಕನ ಮಗನಿಗೆ ಚೆನ್ನಾಗಿ ಗೊತ್ತಿತ್ತು. ಬ್ಯಾಟರಿ ಅಂಗಡಿಯಲ್ಲಿ ಸಂಬಳಕ್ಕಿದ್ದ ಅವನ ರಜೆಗಳೆಲ್ಲ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲೆಯುವುದಕ್ಕೇ ಮೀಸಲು. ಕಂಪನಿಗಳು ಮಾಡುವುದನ್ನೇ ಬಿಟ್ಟ ತೋಟಾಗಳನ್ನು ಅವಳು ಮುಚ್ಚುತ್ತಿರುವ ಅಂಗಡಿಗಳಲ್ಲಿ, ಹಳೇ ಲೈಸೆನ್ಸುದಾರರ ಮನೆಗಳಲ್ಲಿ ಪತ್ತೆ ಹಚ್ಚುತ್ತಿದ್ದಳು. ಅವನು ಗಾಡಿ ಕಾಯುತ್ತಿದ್ದ. ಗೆಳೆಯರೆದುರು ಮಾತ್ರ ಮೀಸೆ ತಿರುವಿ, ಇರುವಷ್ಟು ಮೀಸೆಯನ್ನು, 'ನಾವೇ ಹುಡುಕಿದ್ದು' ಎನ್ನುತ್ತಿದ್ದ.

ಈ ಸಲ ತೋಟಾ ಬೇಕಿದ್ದುದು ಟೈಲರ್ ಮೇಷ್ಟ್ರ ಮಗಳಿಗೆ. ಭಾನುವಾರ ಹಳೇ ಕೋವಿಗಳ ಗುರಿ ಪಂದ್ಯ. ಅಜ್ಜನ ಹದಿನಾರು ನಂಬರಿನ ಜೋಡುನಳಿಗೆ ಕೋವಿ ಹಿಡಿದು ಅವಳು ಮೊದಲ ಸಲ ನಿಲ್ಲುವವಳಿದ್ದಳು. ಹೊಡೆಯಲಾಗದ ಕೋವಿ ಮನೆಯಲ್ಲೇಕೆ, ತೋಟಾ ಸಿಗದಿದ್ದರೆ ಸೋಮವಾರವೇ ಠಾಣೆಗೆ ಒಪ್ಪಿಸಿಬಿಡುತ್ತೇನೆ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಆಗಲೇ ನಮ್ಮ ಗಾಡಿ ಕಾಯುವವನಿಗೆ ಅದೃಷ್ಟ ಖುಲಾಯಿಸಿತು. ಪಕ್ಕದ ಊರಿನ ಅಂಗಡಿಯೊಂದರಲ್ಲಿ ಹದಿನಾರು ನಂಬರಿನ ಹೊಸ ಡಬ್ಬವೊಂದು ಅವನ ಕಣ್ಣಿಗೇ ಬಿತ್ತು. ಚಿಕ್ಕಮ್ಮನ ಲೈಸೆನ್ಸಿನ ಮೇಲೆ ಅದು ಬಂದಿಳಿದಾಗ ಅವನು ಶಾಲು ಹೊದಿಸುತ್ತಾರೇನೋ ಎಂಬಂತೆ ನಿಂತಿದ್ದ.

ಮೇಷ್ಟ್ರೂ ಮಗಳೂ ಅಂಗಡಿಗೆ ತಂದ ಕೋವಿಯ ನಳಿಗೆಯ ಬುಡಕ್ಕೆ ಚಿಕ್ಕಮ್ಮ ಹಿತ್ತಾಳೆಯ ಅಳತೆ ಕಡ್ಡಿಯನ್ನು ಇಳಿಸಿದಳು. ಹೊಸ ತೋಟಾಕ್ಕೆ ಬೇಕಾದ ಉದ್ದ ತೋರುವ ಗೆರೆ ಹೊರಗೇ ನಿಂತಿತು. ಅವಳು ಡಬ್ಬ ಮುಚ್ಚಿದಳು.

"ಸಲೀಸಾಗಿ ಒಳಗೆ ಹೋಗುತ್ತಲ್ಲ ಆಂಟಿ?" ಎಂದಳು ಹುಡುಗಿ.

"ಹೋಗುತ್ತೆ ಮಗಳೇ. ಅದೇ ಅದರ ಮೋಸ."

ಅದೇ ಜಾತಿಯ ಹೊಡೆದ ಖಾಲಿ ತೋಟಾ ಒಂದನ್ನು ಹೊಸದರ ಪಕ್ಕ ಇಟ್ಟಳು. ಖಾಲಿಯದು ಹೊಸದಕ್ಕಿಂತ ಕಿರುಬೆರಳಿನ ಅಗಲದಷ್ಟು ಹೆಚ್ಚು ಉದ್ದವಿತ್ತು. "ಸಿಡಿದಾಗ ಬಾಯಿನ ಮಡಿಕೆ ಬಿಚ್ಚಿಕೊಳ್ಳುತ್ತೆ. ನಿಮ್ಮಜ್ಜನ ಕಾಲದ ನಳಿಗೆಯಲ್ಲಿ ಅದಕ್ಕೆ ಜಾಗ ಇಲ್ಲ. ನಳಿಗೆ ಒಡೆದರೆ ಅಲ್ಲೇ ಇರೋದು ನಿನ್ನ ಕೈ, ನಿನ್ನ ಕೆನ್ನೆ."

ಬೇರೆ ಅಂಗಡಿಯವರಾದರೆ ಕಣ್ಣು ಮುಚ್ಚಿಕೊಂಡು ಮಾರುತ್ತಿದ್ದರು ಎಂದು ಮೇಷ್ಟ್ರು ಗೊಣಗಿದರು. ಹಾಗಾದರೆ ಅವರು ಕಣ್ಣು ತೆರೆಯೋದರೊಳಗೆ ಹೋಗಿ ಎಂದಳು ಚಿಕ್ಕಮ್ಮ. ಮೇಷ್ಟ್ರು ಹೋಗಲಿಲ್ಲ. ಅವಳು ಅಕ್ಕನ ಮಗನತ್ತ ತಿರುಗಿ, "ಗಾಡಿ ತೆಗಿಯೋ ದೊರೆ" ಎಂದಳು.

ಹೋದದ್ದು ನಿವೃತ್ತ ದನದ ಡಾಕ್ಟರ ಮನೆಗೆ. ಅವರದೂ ಅಂಥದೇ ಕೋವಿ. ಆ ಕಾಲದ ನಳಿಗೆಗೆ ಹೊಂದುವ ಗಿಡ್ಡ ತೋಟಾಗಳನ್ನು ಅವರಿಗೆ ಕೊನೆಯ ಸಲ ಮಾರಿದವಳು ಅವಳೇ. ಡಾಕ್ಟರು ಎಲ್ಲ ಮುಗಿದುಹೋಯಿತು ಎಂದು ಸೂರು ನೋಡುತ್ತ ಹೇಳಿದರು. ಚಿಕ್ಕಮ್ಮ ಅವರ ಕೋವಿ ತರಿಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಬಟ್ಟೆ ಸುತ್ತಿದ ಸಲಾಕೆಯಿಂದ ನಳಿಗೆ ಉಜ್ಜತೊಡಗಿದಳು. ಅಕ್ಕನ ಮಗ ಗಡಿಯಾರ ನೋಡಿಕೊಂಡು ಕೆಮ್ಮಿದ. ಅವಳ ಒಂದೇ ನೋಟಕ್ಕೆ ಕೆಮ್ಮು ವಾಸಿಯಾಯಿತು. ನಳಿಗೆ ಕನ್ನಡಿಯಂತಾಗುವ ಹೊತ್ತಿಗೆ ಡಾಕ್ಟರು ತಾವಾಗಿಯೇ ಎದ್ದು ಬಿಸ್ಕತ್ತಿನ ಡಬ್ಬ ತಂದರು.

ಅದರಲ್ಲಿದ್ದ ಗಿಡ್ಡ ತೋಟಾಗಳಲ್ಲಿ ಉಬ್ಬಿದವನ್ನು, ಪಾಚಿಬಣ್ಣಕ್ಕೆ ತಿರುಗಿದವನ್ನು ಎಲ್ಲ ಅವಳು ಬದಿಗಿಟ್ಟಳು. ಪಂದ್ಯಕ್ಕೆ ಸಾಕಾಗುವಷ್ಟೇ ಉಳಿದವು.

"ನನಗೀಗ ಗುರಿ ಕಾಣಲ್ಲಮ್ಮ," ಎಂದರು ಡಾಕ್ಟರು. "ಹೊಡೆದ ಮೇಲೆ ಖಾಲಿದು ತಂದುಕೊಡಿ. ಆ ವಾಸನೆ ನೋಡಿ ಬಹಳ ದಿನ ಆಯ್ತು."

ಭಾನುವಾರ ಹುಡುಗಿಗೆ ಬಹುಮಾನವೇನೂ ಬರಲಿಲ್ಲ. ಆದರೆ ಒಂದು ತೋಟಾವೂ ಕೈಕೊಡಲಿಲ್ಲ. ಎಲ್ಲರೂ ಗುರಿಹಲಗೆಯತ್ತ ಓಡಿದಾಗ ಚಿಕ್ಕಮ್ಮ ಬಗ್ಗಿ ಖಾಲಿ ತೋಟಾಗಳನ್ನು ಆಯ್ದು, ಒಂದೊಂದರ ಬಾಯನ್ನೂ ಬೆರಳಿಂದ ಸವರಿ, ಬಿಸಿ ಆರುವ ಮುಂಚೆ ಡಾಕ್ಟರಿಗೆ ಮುಟ್ಟಿಸು ಎಂದು ಅಕ್ಕನ ಮಗನನ್ನು ಓಡಿಸಿದಳು.

ಸೋಮವಾರ ಅವನು ತನ್ನ ಘನ ಸಂಶೋಧನೆಯ ಡಬ್ಬವನ್ನು ವಾಪಸು ಕಳಿಸುವ ಏರ್ಪಾಡಿನಲ್ಲಿದ್ದಾಗ ಟೈಲರ್ ಮೇಷ್ಟ್ರು ಕೋವಿ ಹಿಡಿದು ಅಂಗಡಿಗೆ ಬಂದರು. ಠಾಣೆಗೆ ಹೊರಟಿರೇ ಎಂದು ಅವನು ಕೇಳಿದ. ಮೇಷ್ಟ್ರು ಕೊರಳಲ್ಲಿದ್ದ ಟೇಪು ತೆಗೆದು ಕೋವಿಯ ಉದ್ದಕ್ಕೂ ಹಿಡಿದರು.

"ಇದಕ್ಕೊಂದು ಚೀಲ ಹೊಲೀಬೇಕು. ಎಷ್ಟು ಸಡಿಲ ಬಿಡ್ಲಿ, ನಿನ್ನ ಚಿಕ್ಕಮ್ಮ ನೋಡಿ ಹೇಳ್ಲಿ."