ಹೊಂಗೆ ಎಣ್ಣೆಗೆ ಬಿದ್ದ ಉಪ್ಪು

...ನೆನಪಿನ ಆ ಮಂಜು ಅಂದಿನದೇ, ಇಲ್ಲ ಬೇರಾವುದೋ ಬೆಳಗಿನ ಮಂಜನ್ನು ತಂದು ಇಲ್ಲಿ ಹೊದಿಸುತ್ತಿದ್ದೇನೋ? ಹುಣಸೂರು ಬಿಟ್ಟಾಗ ಚಳಿಯಿದ್ದದ್ದಂತೂ ನಿಜ. ಬೈಕಿನ ಹಿಂದೆ ಕೂತ ನನ್ನ ಬೆರಳುಗಳು ಮರಗಟ್ಟಿದ್ದವು. ಗೆಳೆಯ ಮಹೇಶ ಹಾಡುತ್ತ ಓಡಿಸುತ್ತಿದ್ದ. ತನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಪುಟ್ಟ ಜೆಟ್ ಎಂಜಿನ್ನಿಗೆ ಅವನು ಆ ಸಂಜೆ ಸೀಮೆಎಣ್ಣೆಯ ಜೊತೆ ಹೊಂಗೆ ಎಣ್ಣೆ ಬೆರೆಸಿ ಕುಡಿಸುವವನಿದ್ದ. ವಿಮಾನದ ಇಂಧನವೂ ಒಂದು ಬಗೆಯ ಸೀಮೆಎಣ್ಣೆಯೇ ತಾನೆ. ಹೊಂಗೆ ಎಣ್ಣೆ ಇದ್ದದ್ದು ಅಂತರಸಂತೆಯಲ್ಲಿ, ಅವನ ಸೋದರತ್ತೆಯ ಗಾಣದಲ್ಲಿ.

ದಾರಿಯಲ್ಲಿ ಕೋಟೆ ಪಟ್ಟಣದ ಹೋಟೆಲಿನಲ್ಲಿ ಇಡ್ಲಿಗೆ ನಿಂತೆವು. ಮಹೇಶ ಚಮಚದಿಂದ ಚಟ್ನಿ ಚಿಮ್ಮಿಸಿದ.

"ನೋಡ್ಲಾ, ಎಣ್ಣೆ ಮಂದ ಆದ್ರೆ ಹನಿ ಇಂಗೇ ದಪ್ಪ. ಅದು ಆವಿಯಾಗೋ ಒತ್ಗೆ ಗಾಳಿ ಗೋಡೆಗೆ ತಳ್ಕೊಂಡ್ ಓಗಿರ್ತದೆ. ಅರೆಬರೆ ಉರುದ್ರೆ ಮಸಿ!"

"ನನ್ ಶರ್ಟಿಗ್ ಬಿತ್ತು ಕಣೋ!"

"ಎಂಜಿನ್ ಗೋಡೆ ಅನ್ಕೋ ಬುಡು."

ಅಂತರಸಂತೆಯಲ್ಲಿ ಅತ್ತೆ ಪುಟ್ಟತಾಯಮ್ಮ ಕ್ಯಾನು ತುಂಬಿಸಿಟ್ಟೇ ಕಾಯುತ್ತಿದ್ದರು.

"ಚೆಂದಾಗಿ ಉರೀತದೆ ಕಣಪ್ಪ. ಎರಡು ಇಡಿ ಉಪ್ಪು ಆಕಿವ್ನಿ."

ಮಹೇಶನ ಮುಖ ಇಳಿಯಿತು. "ಉಪ್ಪಾ? ಯಾಕತ್ತೆ?"

"ದೀಪದೆಣ್ಣೆಗೆ ಆಕಲ್ವಾ? ಒಗೆ ಬರ್ಬಾರ್ದು ಅಂತ ಫೋನಲ್ಲಿ ಬಡ್ಕೊಂಡೋನು ನೀನೇ ತಾನೆ?"

"ದೀಪಕ್ಕಲ್ಲ ಅತ್ತೆ, ಇಮಾನದ ಇಂಜಿನ್ನಿಗೆ!"

"ಅಲ್ಲೇನು ಬೆಂಕಿ ತಲೆಕೆಳಗಾಗಿ ಉರೀತದಾ?"

ನಾನು ನಕ್ಕೆ, ಮಹೇಶ ನಗಲಿಲ್ಲ. ಉರಿಯುವ ಗೂಡಿನ ಹಿಂದೆಯೇ ಕೆಂಪಗೆ ಕಾದು ತಿರುಗುವ ಅಲಗುಗಳಿರುತ್ತವೆ. ಉಪ್ಪಿನ ಸೋಡಿಯಂ, ಸೀಮೆಎಣ್ಣೆಯಲ್ಲಿರುವ ಗಂಧಕದೊಡನೆ ಸೇರಿ ಅವುಗಳಿಗೆ ಮೆತ್ತಿಕೊಂಡರೆ ಲೋಹವನ್ನೇ ತಿನ್ನುತ್ತದೆ. ಅವನಿಗಿದ್ದದ್ದು ಅದೊಂದೇ ಎಂಜಿನ್. ಬೇರೆ ಎಣ್ಣೆ ತೆಗೆಯೋಣವೆಂದರೆ ಬೀಜ ಮುಗಿದಿತ್ತು. ಪಂಚೆಯ ಬಟ್ಟೆಯಲ್ಲಿ ಸೋಸಿದೆವು, ಹರಳು ನಿಂತವು. ಎಣ್ಣೆಯೊಳಗಿನ ತೇವದಲ್ಲಿ ಎಷ್ಟು ಕರಗಿತ್ತೋ!

ಸಂಜೆ ಶೆಡ್ಡಿಗೆ ಬಂದವನೇ ಮಹೇಶ ಅಲಗಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟ. "ಇದು ಓದ್ರೆ ಎಲ್ಲಾ ಓಯ್ತು. ಗೂಡನ್ನಷ್ಟೇ ಅಚ್ಚಾವ."

ಎಣ್ಣೆ ಬಿಸಿಮಾಡಿ ತೆಳುವಾಗಿಸಿ, ಸೀಮೆಎಣ್ಣೆಗೆ ಬೆರೆಸಿ, ಬ್ಲೋವರಿನಿಂದ ಗಾಳಿ ಊದಿಸಿದೆವು. ಕಿಡಿ ಚಟ್ ಎಂದಿತು, ಏನೂ ಇಲ್ಲ. ಮತ್ತೆ ಚಟ್. ಆಮೇಲೆ ಭುಸ್ಸೆಂದು ಹೊತ್ತಿಕೊಂಡು ಎಂಥ ಮೊರೆತ! ತಗಡಿನ ಮಾಡು ನಡುಗಿತು. ನಾನು ಕುಣಿದುಬಿಟ್ಟೆ. ಬರೀ ಸೀಮೆಎಣ್ಣೆ ಉರಿಸಿದಾಗ ಬರುತ್ತಿದ್ದ ಕರಿಹೊಗೆ ಇರಲಿಲ್ಲ.

ಮಹೇಶ ಅತ್ತೆಗೆ ಫೋನ್ ಮಾಡಿದ. "ಒಗೆ ಇಲ್ಲ ಅತ್ತೆ!"

"ನಾನ್ ಏಳ್ಲಿಲ್ವಾ? ಉಪ್ಪು!"

ಹೋಲಿಸಿ ನೋಡಲು ಉಪ್ಪು ಬೀಳದ ಹೊಂಗೆ ಎಣ್ಣೆ ಇನ್ನೂ ಸಿಕ್ಕಿಲ್ಲ. ಹೊಗೆ ತಗ್ಗಿದ್ದು ಹೊಂಗೆಯಿಂದಲೋ ಅತ್ತೆಯ ಉಪ್ಪಿನಿಂದಲೋ, ನಮಗೆ ಗೊತ್ತಿಲ್ಲ.