ಶಾರದಕ್ಕನ ಸೈಕಲಿನ ಸೀಟ್‌ಪೋಸ್ಟ್

ಎರಡು ವರ್ಷಗಳ ಹಿಂದಿನ ಮಾತು. ಮೂಡುಬಿದಿರೆಯಲ್ಲಿ ನಾನು ಸೈಕಲ್ ರಿಪೇರಿ ಅಂಗಡಿ ತೆರೆದು ಆಗ ಮೂವತ್ತೊಂದು ವರ್ಷವಾಗಿತ್ತು. ಒಂದು ಬೆಳಿಗ್ಗೆ ಸಿದ್ಧಕಟ್ಟೆಯ ಶಾರದಕ್ಕ ತಮ್ಮ ಹಳೆಯ ಲೇಡೀಸ್ ಸೈಕಲನ್ನು ರಿಕ್ಷಾದಲ್ಲಿ ಹಾಕಿಸಿಕೊಂಡು ಬಂದರು. ಅವರು ನಿವೃತ್ತ ಆರೋಗ್ಯ ಸಹಾಯಕಿ. ಲಸಿಕೆ ಹಾಕಲು, ಹೆರಿಗೆ ಮಾಡಿಸಲು ಊರೂರು ಸುತ್ತಿದ್ದು ಅದೇ ಸೈಕಲಿನಲ್ಲಿ.

ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಕಾಲು ಪೂರ್ತಿ ಮಡಚುತ್ತಿರಲಿಲ್ಲ. ಸೀಟನ್ನು ಎರಡು ಇಂಚು ಏರಿಸಿದರೆ ತುಳಿಯಬಹುದಿತ್ತು. ಆದರೆ ಸೀಟನ್ನು ಹೊರುವ ಕೊಳವೆ, ನಾವು ಸೀಟ್‌ಪೋಸ್ಟ್ ಎನ್ನುವುದು, ಫ್ರೇಮಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

“ಇಬ್ಬರಿಗೆ ತೋರಿಸಿದೆ, ಗುಜರಿಗೆ ಹಾಕಿ ಅಂತಾರೆ. ಹೊಸ ಸೈಕಲ್ ಹತ್ತಲಿಕ್ಕೆ ಹೆದರಿಕೆ ಆಗ್ತದೆ. ಇದರ ಅಂದಾಜು ನನಗೆ ಉಂಟು,” ಎಂದರು.

“ನಾಳೆ ಸಂಜೆ ಬನ್ನಿ ಅಕ್ಕ,” ಎಂದುಬಿಟ್ಟೆ.

ಸೀಟು ಕಳಚಿ, ಪೋಸ್ಟಿಗೆ ಪೈಪ್ ರೆಂಚ್ ಹಾಕಿ, ಮೈಭಾರವೆಲ್ಲ ಬಿಟ್ಟು ತಿರುಗಿಸಿದೆ. ಟಿಕ್ ಎಂದಿತು. ಪೋಸ್ಟ್ ಅಲುಗಿರಲಿಲ್ಲ, ಫ್ರೇಮಿನ ಬಾಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ರೆಂಚ್ ಕೆಳಗಿಟ್ಟೆ.

ಮರುದಿನ ಅವರು ಬಂದಾಗ ನಡೆದದ್ದನ್ನು ಹೇಳಿದೆ. ಶಾರದಕ್ಕ ಬಿರುಕಿನ ಮೇಲೆ ಬೆರಳಾಡಿಸಿದರು.

“ಬಲದಿಂದ ತೆಗೀಲಿಕ್ಕೆ ಹೊರಟದ್ದಾ? ಹೆರಿಗೆಯಲ್ಲಿ ನಾನು ಹಾಗೆ ಮಾಡಿದ್ರೆ ಏನಾಗ್ತಿತ್ತು ಮಾರಾಯ್ರೆ? ನನಗೆ ಅವಸರ ಇಲ್ಲ. ಕಾಯುವ.”

ಬಿರುಕು ಮುಂದೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆದೆ. ಪೆಡಲುಗಳನ್ನು ಜೋಡಿಸುವ ಆಕ್ಸಲ್ ಬಿಚ್ಚಿ, ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ, ಆ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ಫ್ರೇಮಿನ ಕೊಳವೆಯೊಳಗೆ ಸುರಿದೆ. ದಿನಕ್ಕೆರಡು ಸಲ ಹೊರಗಿನಿಂದ ಕುದಿನೀರು ಹಾಕಿದೆ. ಬಿಸಿಗೆ ಹಿಗ್ಗಿದ ಲೋಹ ಆರಿದಾಗ ಕುಗ್ಗುತ್ತದೆ; ಆ ಅಲುಗಾಟದಲ್ಲಿ ಎಣ್ಣೆ ತುಕ್ಕಿನೊಳಗೆ ಇಳಿಯುತ್ತದೆ.

ಹತ್ತನೆಯ ದಿನ ಶಾರದಕ್ಕ ಬಂದಾಗ ಪೋಸ್ಟನ್ನು ಮೇಜಿಗೆ ಜೋಡಿಸಿದ ಕಬ್ಬಿಣದ ಹಿಡಿತಕ್ಕೆ, ಅಂದರೆ ವೈಸಿಗೆ, ಬಿಗಿದು, ಫ್ರೇಮಿನ ಒಂದು ತುದಿಯನ್ನು ನಾನು, ಇನ್ನೊಂದನ್ನು ಅವರು ಹಿಡಿದು ತಿರುಗಿಸತೊಡಗಿದೆವು. “ಈಗ ಸ್ವಲ್ಪ ಆಚೆ. ಸಾಕು. ಎಣ್ಣೆ ಹಾಕಿ. ಇನ್ನು ಈಚೆ,” ಎಂದು ಅವರೇ ಹೇಳಿಕೊಟ್ಟರು. ಕಿರ್ ಎಂಬ ಸಣ್ಣ ಸದ್ದು. ಒಂದೂವರೆ ಗಂಟೆಯಲ್ಲಿ ಪೋಸ್ಟ್ ಕೆಂಪು ಪುಡಿ ಉದುರಿಸುತ್ತ ಹೊರಬಂತು. ಶಾರದಕ್ಕ ಚಪ್ಪಾಳೆ ತಟ್ಟಿದರು.

ಬಿರುಕಿಗೆ ಹಿತ್ತಾಳೆ ಬೆಸುಗೆ ಹಾಕಿ, ಗ್ರೀಸ್ ಹಚ್ಚಿದ ಉದ್ದನೆಯ ಪೋಸ್ಟ್ ಇಳಿಸಿದೆ. ಅವರು ಹತ್ತಿದರು. ಮೊದಲ ಸಲ ಪೆಡಲ್ ಅರ್ಧಕ್ಕೇ ನಿಂತಿತು. ಎರಡನೆಯ ಸಲ ಪೂರ್ತಿ ಸುತ್ತು ತಿರುಗಿತು. ರಸ್ತೆಯ ತಿರುವಿನವರೆಗೆ ಹೋಗಿ ನಗುತ್ತ ಬಂದರು.

ಮುಗಿಸಿದ ಕೆಲಸವನ್ನು ತೋರಿಸುವುದು ಸುಲಭ, ಕೆಡಿಸಿದ್ದನ್ನು ತೋರಿಸುವುದು ಕಷ್ಟ. ಅಂದು ಬಿರುಕನ್ನು ಮುಚ್ಚಿಟ್ಟಿದ್ದರೆ ಅವಸರದಲ್ಲಿ ಆ ಫ್ರೇಮನ್ನು ನಾನೇ ಮುರಿಯುತ್ತಿದ್ದೆ. ಹೇಳಿದ್ದರಿಂದ ಕಾಯಲು ಹತ್ತು ದಿನ ಸಿಕ್ಕಿತು, ಜೊತೆಗೆ ಹಿಡಿಯಲು ಇನ್ನೆರಡು ಕೈಗಳೂ ಸಿಕ್ಕವು.