ಲೆಸ್‌ನ ಪೇಪರು, ವಿಲ್ಮಾಳ ಬ್ಯಾಟರಿ

"ಈ ಜಾಗ ಆರಿಸಿದ್ದು ನಮ್ಮ ಲೆಸ್ ಕಣೇ. ಆಯುಸ್ಸೆಲ್ಲಾ ಉಣ್ಣೆ ಷೆಡ್ಡುಗಳಲ್ಲೇ ಕಳೀತು ನಮ್ದು. ಅವನು ಕುರಿ ಬೋಳಿಸೋದು, ನಾನು ಅಷ್ಟೂ ಜನಕ್ಕೆ ಬೇಯಿಸಿ ಹಾಕೋದು. ತಲೆ ಮೇಲೆ ಕಾದ ತಗಡು, ಮೂಗಿಗೆ ಕುರಿ ವಾಸನೆ. ಕೆಲಸ ಬಿಟ್ಟ ವಾರವೇ ಈ ಮನೆಯಂಥ ವ್ಯಾನ್ ತಂದ. 'ವಿಲ್, ಇನ್ಮೇಲೆ ನೀನು ನೆರಳಲ್ಲಿ ಕೂತ್ಕೊಂಡು ನೀರು ನೋಡಬೇಕು, ಅಷ್ಟೇ ನಿನ್ನ ಕೆಲಸ' ಅಂದ. ಮರ್ರಿ ನದಿ ಉದ್ದಕ್ಕೂ ಹುಡುಕಿದ್ವಿ. ಈ ಗಮ್ ಮರದ ನೆರಳು ಕಂಡಾಗ ಬ್ರೇಕ್ ಹಾಕಿದ ನೋಡು, ಒಳಗಿದ್ದ ಪಾತ್ರೆಯೆಲ್ಲ ನೆಲಕ್ಕೆ. ಆಮೇಲೆ ಪ್ರತಿ ವರ್ಷ ಈಸ್ಟರ್ ಮುಗೀತಿದ್ದ ಹಾಗೆ ಇಲ್ಲೇ. ಒಂದೇ ಒಂದು ಕೆಟ್ಟ ಚಾಳಿ ಅವನಿಗೆ. ಬೆಳಗಾದ್ರೆ ಪೇಪರ್ ಬೇಕು. ಇಲ್ಲೇ ತಿರುವಿನ ಅಂಗಡೀಲಿ ಸಿಗುತ್ತೆ, ಅದಾಗಲ್ಲ. ಹೊಳೆ ದಾಟಿ ಆಚೆ ಪೇಟೆಗೇ ಹೋಗಬೇಕು. ನನ್ನನ್ನ ಈ ಕುರ್ಚೀಲಿ ಕೂರಿಸಿ, ಕೈಗೊಂದು ಟೀ ಕೊಟ್ಟು, ಮನೇನೇ ಎತ್ಕೊಂಡು ಹೋಗಿಬಿಡೋನು. ನಾನು ನೈಟಿ ಹಾಕ್ಕೊಂಡು ಕೂತಿರ್ತಿದ್ದೆ, ಬಸ್ಸು ತಪ್ಪಿಸಿಕೊಂಡವಳ ಥರ. ತಂದ ಪೇಪರ್ ಓದ್ತಿದ್ನಾ ಅಂದ್ರೆ ಅದೂ ಇಲ್ಲ. ಕುದುರೆ ರೇಸಿನ ಪುಟ ನೋಡಿ, ಮಿಕ್ಕಿದ್ದನ್ನ ಮುಖದ ಮೇಲೆ ಹಾಕ್ಕೊಂಡು ಮಲಗೋನು."

ವಿಲ್ಮಾ ಟ್ರೆಗಿಯರ್ ಇದನ್ನು ಹೇಳುವಾಗಲೆಲ್ಲ ನಗುತ್ತಿದ್ದಳು. ಆ ವರ್ಷ ಮಾತ್ರ ನಗು ಅರ್ಧಕ್ಕೇ ನಿಂತಿತು. ಲೆಸ್ ತೀರಿಕೊಂಡ ಮೇಲೆ ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ಅಡಿಲೇಡಿನಲ್ಲಿದ್ದ ಮಗಳು ಲಿನೆಟ್ ಬೇಡವೆಂದರೂ ಕೇಳದೆ, ತಾನೇ ವ್ಯಾನ್ ಓಡಿಸಿಕೊಂಡು ಬಂದು, ಲೆಸ್ ನಿಲ್ಲಿಸುತ್ತಿದ್ದ ಹಾಗೆಯೇ ಮೂತಿಯನ್ನು ನದಿಯ ಕಡೆಗೆ ಮಾಡಿ ಅದೇ ಮರದಡಿ ನಿಲ್ಲಿಸಿದ್ದಳು. ಪಕ್ಕದಲ್ಲಿ ಎಂದಿನಂತೆ ನಮ್ಮ ವ್ಯಾನ್.

ತೊಂದರೆ ಶುರುವಾದದ್ದು ಫ್ರಿಜ್ಜಿನಿಂದ. ಬೆಳಗಿನ ಜಾವಕ್ಕೆ ಅದು ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಬೆಣ್ಣೆ ಕರಗಿದ್ದರೆ ಚಿಂತೆಯಿರಲಿಲ್ಲ, ಅದರಲ್ಲಿ ವಿಲ್ಮಾಳ ಇನ್ಸುಲಿನ್ ಇತ್ತು. ಅದನ್ನು ನಮ್ಮ ಫ್ರಿಜ್ಜಿಗೆ ಸಾಗಿಸಿದೆವು. ಆದರೆ ಅವಳು ಮಗಳಿಗೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಳು. ಲಿನೆಟ್ ಜಗಳವಾಡಲಿಲ್ಲ. ಭಾನುವಾರ ಬರುತ್ತೇನೆ, ಫ್ರಿಜ್ಜು ಸರಿಯಾಗಿರದಿದ್ದರೆ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ವ್ಯಾನನ್ನು ಮಾರಿಬಿಡೋಣ ಎಂದಳಂತೆ.

ನನ್ನ ಗಂಡ ಬೆವನ್ ರೈಲ್ವೆಯ ಸಿಗ್ನಲ್ ವೈರುಗಳ ಜೊತೆ ಕೂದಲು ಹಣ್ಣು ಮಾಡಿಕೊಂಡವನು. ಕರೆಂಟ್ ಅಳೆಯುವ ಮೀಟರ್ ಹಿಡಿದು ಹೊರಟ. ಮೊದಲು ಏಣಿ ಹಾಕಿ, ಫ್ರಿಜ್ಜಿನ ಬ್ಯಾಟರಿ ತುಂಬಿಸುವ, ವ್ಯಾನಿನ ಮೇಲಿನ ಸೋಲಾರ್ ಪ್ಯಾನೆಲ್ ಒರೆಸಿದ. ಬಿಳಿ ಗಿಳಿಗಳ ಹಿಕ್ಕೆಯೇ ಒಂದು ಪದರ ಇತ್ತು. ಮಾರನೆಯ ಬೆಳಿಗ್ಗೆ ಫ್ರಿಜ್ಜು ಮತ್ತೆ ನಿಂತಿತ್ತು. ಬ್ಯಾಟರಿಯ ತುದಿಗಳಲ್ಲಿ ಬೆಳೆದಿದ್ದ ಬಿಳಿ ಹುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಉಜ್ಜಿ, ಒಣಗಿಸಿ ಬಿಗಿದ. ಆಗಲೂ ಅಷ್ಟೇ. ಬ್ಯಾಟರಿಯೇ ಸತ್ತಿರಬೇಕೆಂದು ನಮ್ಮ ಚಾರ್ಜರಿಗೆ ಸಿಕ್ಕಿಸಿ ತುಂಬಿಸಿದರೆ ಅದು ಗಟ್ಟಿಮುಟ್ಟಾಗಿಯೇ ಇತ್ತು. ಹಾಗಾದರೆ ಕೆಟ್ಟಿರುವುದು ಏನು?

ಅವನು ಒಂದು ಇಡೀ ದಿನ ಮೀಟರ್ ಹಿಡಿದು ಮರದಡಿಯೇ ಕುಳಿತ. ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲು ಬಿದ್ದಾಗ ಪ್ಯಾನೆಲ್ ಚೆನ್ನಾಗಿಯೇ ಚಾರ್ಜ್ ಕೊಟ್ಟಿತು. ಆಮೇಲೆ ಒಂದು ಕೊಂಬೆಯ ನೆರಳು ಅದರ ಮೂಲೆಯನ್ನು ಮುಟ್ಟಿದ್ದೇ ತಡ, ಮೀಟರಿನ ಮುಳ್ಳು ಕೆಳಗಿಳಿಯಿತು.

"ಯಾವುದೂ ಕೆಟ್ಟಿಲ್ಲ ವಿಲ್ಮಾ," ಎಂದ ಸಂಜೆ. "ತುಂಬೋದು ಕಮ್ಮಿ, ಖರ್ಚು ಜಾಸ್ತಿ. ಗಾಡೀನ ಆ ಬಯಲಿಗೆ ತೆಗೆದು ನಿಲ್ಸು, ಮುಗೀತು."

"ಹದಿನಾಲ್ಕು ವರ್ಷ ಇದೇ ಮರ, ಇದೇ ಪ್ಯಾನೆಲ್. ಆಗ ಇಲ್ಲದ ನೆರಳು ಈಗ ಬಂತಾ? ಸುಮ್ನೆ ನೋಡಯ್ಯ ಸರಿಯಾಗಿ."

ಬೆವನ್ ಗೊಣಗುತ್ತಾ ಮತ್ತೆ ಸೀಟಿನ ಕೆಳಗೆ ತಲೆ ತೂರಿಸಿದ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕೇಳಿದ, "ಈ ದಪ್ಪ ವೈರು ಯಾರು ಎಳೆದಿದ್ದು?"

"ಇನ್ಯಾರು, ಆ ನೀಲಿ ಟೇಪು ನೋಡಿದ್ರೆ ಗೊತ್ತಾಗಲ್ವಾ. ನನ್ನ ಕನ್ನಡಕಕ್ಕೂ ಅದನ್ನೇ ಸುತ್ತಿದ್ದ."

ಬೆವನ್ ಹೊರಬಂದು ಮೊಣಕಾಲು ಕೊಡವಿಕೊಂಡ. "ಇದು ಇಂಜಿನ್ನಿಂದ ಬಂದಿದೆ. ಗಾಡಿ ಓಡ್ತಾ ಇದ್ರೆ ಫ್ರಿಜ್ಜಿನ ಬ್ಯಾಟರೀನೂ ತುಂಬುತ್ತೆ. ಆದ್ರೆ ಚೆನ್ನಾಗಿ ದೂರ ಓಡಬೇಕು. ತಿರುವಿನ ಅಂಗಡಿಗೆ ಹೋಗಿಬಂದ್ರೆ ಸಾಲದು."

ಲೆಸ್ ದಿನವೂ ಹೊಳೆ ದಾಟುತ್ತಿದ್ದದ್ದು ಪೇಪರಿಗಲ್ಲ. ಪೇಟೆಯ ಬೇಕರಿಯವಳ ಹೆಸರು ಹೇಳಿ ನಾವೆಲ್ಲ ಲೆಸ್‌ನನ್ನು ಎಷ್ಟು ಛೇಡಿಸಿದ್ದೆವು. ಅವನು ಒಂದು ಕಣ್ಣು ಹೊಡೆದು ಗಾಡಿ ಹತ್ತುತ್ತಿದ್ದ. ವಿಲ್ಮಾ ತನ್ನ ಹಳೆಯ ಕುರ್ಚಿಯನ್ನೇ ನೋಡುತ್ತಾ ನಿಂತಿದ್ದಳು.

"ಬಾಯಿ ಬಿಟ್ಟು ಹೇಳಬಾರದಿತ್ತಾ ಆ ಪ್ರಾಣಿ," ಎಂದಳು.

"ಹೇಳಿದ್ರೆ ನೀನು ಗಾಡೀನ ಬಿಸಿಲಿಗೆ ತೆಗಿ ಅಂತಿದ್ದೆ," ಎಂದ ಬೆವನ್.

ಮರುದಿನ ಬೆಳಿಗ್ಗೆ ಅವಳು ಲೋಟ ತಟ್ಟೆಗಳನ್ನು ಕಪಾಟಿಗೆ ಸೇರಿಸಿ, ಬಾಗಿಲ ಮೇಲಿನ ಬಟ್ಟೆಯ ಚಪ್ಪರ ಸುತ್ತಿದಳು. ಕುರ್ಚಿಯನ್ನು ಮರದಡಿಯೇ ಬಿಟ್ಟು ಪೇಟೆಗೆ ಹೊರಟಳು. ಈ ದಂಡೆಯಲ್ಲಿ ಯಾರಾದರೂ ಕುರ್ಚಿ ಇಟ್ಟು ಹೋದರೆ ಆ ಜಾಗಕ್ಕೆ ಬೇರೆಯವರು ಗಾಲಿ ಇಡುವುದಿಲ್ಲ. ಇಷ್ಟು ವರ್ಷ ಅವಳನ್ನೇ ಕೂರಿಸಿ ಹೋಗುತ್ತಿದ್ದ ಕುರ್ಚಿ ಅಂದು ಖಾಲಿ ನಿಂತು ಜಾಗ ಕಾಯಿತು. ಗಾಡಿಗಳನ್ನು ಹೊಳೆ ದಾಟಿಸುವ ದೊಡ್ಡ ದೋಣಿಯವನು ವ್ಯಾನಿನ ಗುರುತು ಹಿಡಿದು, ಈ ವರ್ಷ ತಡವಾಯಿತಲ್ಲ ಎಂದನಂತೆ. ಲೆಸ್ ಇಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಇವಳು ಆಚೆ ದಡ ಮುಟ್ಟುವವರೆಗೂ ಅವನಿಗೆ ಲೆಸ್‌ನ ಕಥೆ ಹೇಳಿದಳಂತೆ.

ಆಮೇಲೆ ದಿನವೂ ಹೋದಳು. ಶನಿವಾರ ಬೆಳಿಗ್ಗೆ ನಾನು ಎದ್ದು ಹೋಗಿ ಕಿವಿಗೊಟ್ಟರೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಇನ್ಸುಲಿನ್ ಅವಳ ವ್ಯಾನಿಗೆ ಮರಳಿತು. ಅವಳು ಮಗಳಿಗೆ ಫೋನ್ ಮಾಡಿದಳು. "ನಾಳೆ ಬಾ ಲಿನೆಟ್, ಕುರಿ ಮಾಂಸ ಬೇಯಿಸ್ತೀನಿ. ಬರುವಾಗ ಖಾಲಿ ಸೂಟ್‌ಕೇಸು ತರಬೇಡ."

ಭಾನುವಾರ ಪೇಟೆಯಿಂದ ಬಂದವಳೇ ಗಾಡಿಯನ್ನು ಮರದಡಿ ನಿಲ್ಲಿಸಿ, ಮೂತಿ ನದಿಯ ಕಡೆಗಿದೆಯೇ ಎಂದು ಇಳಿದು ನೋಡಿದಳು. ಕುರ್ಚಿಯಲ್ಲಿ ಕುಳಿತು ಪೇಪರ್ ಬಿಡಿಸಿದಳು. ಕುದುರೆ ರೇಸಿನ ಪುಟವನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಮಡಿಲ ಮೇಲೆ ಹಾಸಿಕೊಂಡು, ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದಳು.